ಡಿಸ್ಕಿಗಿಂತ ಮೊದಲು ಟೇಬಲ್ ನೋಡಬೇಕಿತ್ತು

ನಾನು ಕೆಲಸ ಬಿಟ್ಟು ಎರಡು ವರ್ಷವಾಯಿತು. ಸಣ್ಣ ಸ್ಕ್ರೂಗಳು ಕಣ್ಣಿಗೆ ಸಿಗದಂತಾದಾಗ ಮಾಲಕರಿಗೆ ಹೇಳಿ ಮನೆಗೆ ಬಂದೆ. ಆದರೆ ಹುಬ್ಬಳ್ಳಿಯಲ್ಲಿ ಮೂವತ್ತು ವರ್ಷ ಕಂಪ್ಯೂಟರ್ ರಿಪೇರಿ ಮಾಡಿದವನನ್ನು ಜನ ಅಷ್ಟು ಸುಲಭವಾಗಿ ಬಿಡುವುದಿಲ್ಲ. ಮದುವೆ ಮನೆಯಲ್ಲಿ ಎಲೆಯ ಮುಂದೆ ಕೂತಿರುವಾಗ, ಬ್ಯಾಂಕಿನಲ್ಲಿ ಸಾಲು ಹಚ್ಚಿ ನಿಂತಿರುವಾಗ, ಒಮ್ಮೆಯಂತೂ ಹಲ್ಲು ಕೀಳಿಸಿಕೊಂಡು ಬಾಯಲ್ಲಿ ಹತ್ತಿ ಇಟ್ಟುಕೊಂಡು ಕೂತಿರುವಾಗಲೂ ಅದೇ ಪ್ರಶ್ನೆ ಕೇಳಿದ್ದಾರೆ. ಲ್ಯಾಪ್‌ಟಾಪಿಗೆ ಯಾವ ಡಿಸ್ಕ್ ಹಾಕಿಸಿದರೆ ಛಲೋ?

ಉತ್ತರ ಹೇಳಲು ಎರಡು ನಿಮಿಷ ಸಾಕು. ಹಾರ್ಡ್ ಡಿಸ್ಕ್ ಎಂದರೆ ಒಳಗೆ ಗರಗರ ತಿರುಗುವ ತಟ್ಟೆ, ಅದರ ಮೇಲೆ ಕೂದಲೆಳೆಯಷ್ಟೂ ಅಂತರವಿಲ್ಲದೆ ಓಡಾಡುವ ಒಂದು ಪುಟ್ಟ ತೋಳು. ಹೆಚ್ಚು ಜಾಗ, ಕಡಿಮೆ ಬೆಲೆ, ಆದರೆ ನಿಧಾನ. ಎಸ್‌ಎಸ್‌ಡಿ ಎಂದರೆ ಬರೀ ಎಲೆಕ್ಟ್ರಾನಿಕ್ ಚಿಪ್ಪುಗಳು, ಒಳಗೆ ಏನೂ ತಿರುಗುವುದಿಲ್ಲ. ಅದು ವೇಗದ್ದು, ಸದ್ದಿಲ್ಲದ್ದು, ಬೆಲೆ ಜಾಸ್ತಿ. ಹೈಬ್ರಿಡ್ ಎಂಬುದು ಇವೆರಡರ ನಡುವಿನದು. ಅದೇ ತಿರುಗುವ ತಟ್ಟೆ, ಜೊತೆಗೆ ಸ್ವಲ್ಪ ಚಿಪ್ಪು. ನೀವು ದಿನಾ ತೆರೆಯುವ ಫೈಲುಗಳನ್ನು ಅದು ಚಿಪ್ಪಿನಲ್ಲಿ ಇಟ್ಟುಕೊಂಡು ಲಗುಬಗೆಯಿಂದ ತೆಗೆದುಕೊಡುತ್ತದೆ. ಇವತ್ತು ಅದನ್ನು ಕೇಳುವವರೂ ಕಡಿಮೆ, ಇಡುವವರೂ ಕಡಿಮೆ.

ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ಇಷ್ಟನ್ನು ಮೊಬೈಲೇ ಹೇಳಿಕೊಡುತ್ತದೆ, ಅದಕ್ಕೆ ನಾನು ಬೇಕಿಲ್ಲ. ಮೊಬೈಲು ಹೇಳದ ಒಂದು ಸಂಗತಿ ನನ್ನ ಬಳಿ ಇದೆ. ಅದನ್ನು ನಾನು ಕಲಿತದ್ದು ತಪ್ಪು ಮಾಡಿ. ಆ ತಪ್ಪಿಗೆ ಬೆಲೆ ಕೊಟ್ಟದ್ದು ಬೇರೆ ಒಬ್ಬಳು. ಅಲ್ಲಿಗೆ ಬರುವ ಮೊದಲು ನಮ್ಮ ಕೆಲಸ ಹೇಗಿತ್ತೆಂದು ಹೇಳಬೇಕು.

ನಮ್ಮ ಮಾಲಕರು ಜೋಶಿಯವರು. ಧಾರವಾಡದವರು, ಮಾತು ಮೆತ್ತಗೆ, ಶಿಸ್ತು ಮಾತ್ರ ಕಬ್ಬಿಣ. ಕೆಟ್ಟ ಯಂತ್ರ ಬಂದ ಕೂಡಲೇ ಒಂದು ಕಾರ್ಡು ಬರೆಯಬೇಕು. ಗಿರಾಕಿಯ ಹೆಸರು, ಏನು ಕೆಟ್ಟಿದೆ, ಯಾಕೆ ಕೆಟ್ಟಿತು. ಕೊನೆಯ ಕಾಲಮ್ಮನ್ನು ಖಾಲಿ ಬಿಟ್ಟರೆ ಕಾರ್ಡನ್ನು ಹಾಗೇ ಹಿಂದಕ್ಕೆ ಸರಿಸುತ್ತಿದ್ದರು. 'ಗೊತ್ತಿಲ್ಲ' ಎಂದು ಬರೆದರೂ ನಡೆಯುತ್ತಿರಲಿಲ್ಲ. ಹೊಸದರಲ್ಲಿ ನಾನೊಮ್ಮೆ ಹಾಗೆ ಬರೆದಾಗ ಕನ್ನಡಕದ ಮೇಲಿಂದ ನೋಡಿ, "ಗುರುನಾಥ, ಗೊತ್ತಿಲ್ಲ ಅನ್ನಾಕ ಗಿರಾಕಿನ ಸಾಕಲ್ಲ, ನೀ ಯಾಕ ಬೇಕು?" ಎಂದಿದ್ದರು. ಅವತ್ತಿನಿಂದ ನನ್ನ ಕಾರ್ಡಿನಲ್ಲಿ ಆ ಕಾಲಮ್ಮು ಖಾಲಿ ಇದ್ದದ್ದಿಲ್ಲ. ಗೊತ್ತಿದ್ದಾಗಲೂ ಬರೆದೆ, ಗೊತ್ತಿಲ್ಲದಾಗಲೂ ಬರೆದೆ.

ಮೊದಮೊದಲು ಇದರಿಂದ ತೊಂದರೆಯೇನೂ ಆಗಲಿಲ್ಲ. ಆಗ ಎಲ್ಲ ದೊಡ್ಡ ಡಬ್ಬದ ಕಂಪ್ಯೂಟರುಗಳು. ಅವನ್ನು ಹೊತ್ತು ತರುವವರಿಲ್ಲ, ನಾವೇ ಚೀಲ ಹೆಗಲಿಗೆ ಹಾಕಿಕೊಂಡು ಹೋಗುತ್ತಿದ್ದೆವು. ಹೋದಲ್ಲಿ ಚಹಾ, ಚುರಮರಿ, ಊರ ಸುದ್ದಿ. ಜೊತೆಗೆ ಆ ಯಂತ್ರ ಎಂಥ ಸಂಸಾರದಲ್ಲಿ ಬಾಳುತ್ತಿದೆ ಎಂಬುದೂ ಕಾಣುತ್ತಿತ್ತು. ಒಂದು ಕಚೇರಿಯಲ್ಲಿ ದಿನಾ ಹನ್ನೊಂದಕ್ಕೆ ಸರಿಯಾಗಿ ಕಂಪ್ಯೂಟರ್ ಆರುತ್ತಿತ್ತು. ಹನ್ನೊಂದಕ್ಕೆ ಅಲ್ಲೇ ಕೂತು ನೋಡಿದೆ. ಕಚೇರಿಯ ಸಿಪಾಯಿ ಬಂದು ಕಂಪ್ಯೂಟರಿಗೆ ಕರೆಂಟು ಕೊಡುವ ಬೋರ್ಡಿಗೇ ಚಹಾದ ಹೀಟರು ಚುಚ್ಚಿದ, ಕಂಪ್ಯೂಟರ್ ಆರಿತು. ಅಂಗಡಿಯಲ್ಲಿ ಕೂತು ಹತ್ತು ವರ್ಷ ಬಿಚ್ಚಿದ್ದರೂ ಅದು ನನಗೆ ಹೊಳೆಯುತ್ತಿರಲಿಲ್ಲ.

ಲ್ಯಾಪ್‌ಟಾಪು ಬಂದ ಮೇಲೆ ಈ ತಿರುಗಾಟ ನಿಂತಿತು. ಗಿರಾಕಿಗಳೇ ಬಗಲಲ್ಲಿ ಹಿಡಿದುಕೊಂಡು ಬರತೊಡಗಿದರು. ನಮಗೂ ಆರಾಮವಾಯಿತು. ಫ್ಯಾನಿನ ಕೆಳಗೆ ರಬ್ಬರ್ ಹಾಸಿದ ಗಟ್ಟಿ ಟೇಬಲ್ಲು, ಅದರ ಮೇಲೆ ದೀಪ, ಕೂತಲ್ಲೇ ಎಲ್ಲ. ನಾವು ಊರು ನೋಡುವುದನ್ನು ಬಿಟ್ಟೆವು. ಬಿಟ್ಟೆವೆಂಬುದು ನಮಗೆ ಗೊತ್ತೂ ಆಗಲಿಲ್ಲ.

ಎಸ್‌ಎಸ್‌ಡಿಗಳು ಹೊಸದಾಗಿ ಬಂದ ದಿನಗಳು ನಗು ತರಿಸುವಂಥವು. ಅಮರಗೋಳದ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುವ ಒಬ್ಬ ಸಾಹುಕಾರರಿದ್ದರು. ಅವರ ಲ್ಯಾಪ್‌ಟಾಪು ಬಿಚ್ಚುವ ದಿನ ಇಡೀ ಅಂಗಡಿ ಸೀನುತ್ತಿತ್ತು. ಅವರಿಗೆ ಎಸ್‌ಎಸ್‌ಡಿ ತೋರಿಸಿದೆ. ಒಂದು ಅಂಗೈಯಲ್ಲಿ ಅದನ್ನು, ಇನ್ನೊಂದರಲ್ಲಿ ಹಳೆಯ ಹಾರ್ಡ್ ಡಿಸ್ಕನ್ನು ಇಟ್ಟು ತೂಗಿ ನೋಡಿದರು. "ಏನ್ರೀ ಇದು, ಹಪ್ಪಳದಂಗ ಹಗರ ಅದ. ಇದಕ್ಕ ರೊಕ್ಕ ಹೆಚ್ಚಂತೀರಿ?" ಎಂದರು. ಜೀವಮಾನವೆಲ್ಲ ತೂಕ ನೋಡಿ ಬೆಲೆ ಕಟ್ಟಿದವರು, ಅವರದೇನು ತಪ್ಪು? ಹಾರ್ಡ್ ಡಿಸ್ಕನ್ನೇ ಹಾಕಿಸಿಕೊಂಡು ಹೋದರು. ಅವರ ಲ್ಯಾಪ್‌ಟಾಪು ಅವರು ಕೂಡುವ ಗಾದಿಯ ಪಕ್ಕದ ಮರದ ಪೆಟ್ಟಿಗೆಯ ಮೇಲಿಂದ ಅಲ್ಲಾಡುತ್ತಲೇ ಇರಲಿಲ್ಲವಾದ್ದರಿಂದ ಆ ಡಿಸ್ಕು ವರ್ಷಗಟ್ಟಲೆ ಬಾಳಿತು.

ಅಮ್ಮಿನಬಾವಿಯ ಒಬ್ಬ ಮಾಸ್ತರರದು ಇದಕ್ಕೆ ಉಲ್ಟಾ. ಅವರ ಲ್ಯಾಪ್‌ಟಾಪು ಏಳುವುದಕ್ಕೆ ಎಷ್ಟು ಹೊತ್ತು ಹಿಡಿಯುತ್ತಿತ್ತೆಂದರೆ, ಬೆಳಿಗ್ಗೆ ಗುಂಡಿ ಒತ್ತಿ, ಸ್ನಾನ ಪೂಜೆ ಮುಗಿಸಿ ಬರುತ್ತಿದ್ದರಂತೆ. ಎಸ್‌ಎಸ್‌ಡಿ ಹಾಕಿಕೊಟ್ಟೆ. ವಾರದ ಮೇಲೆ ಬಂದು, ಕೆಲಸವೇನೋ ಭೇಷಾಗಿದೆ, ಆದರೆ ಕಾಯುವ ನೆಪವಿಲ್ಲದೆ ಪೂಜೆಯೇ ತಪ್ಪಿಹೋಗುತ್ತಿದೆ, ಮನೆಯವರು ಒಂದೇ ಸಮನೆ ಬೈಯುತ್ತಾರೆ ಎಂದು ದೂರಿದರು. ಅವರಿಗೆ ನಾನು ಹೇಳಿದ ಒಂದು ಮಾತನ್ನು ನಿಮಗೂ ಹೇಳುತ್ತೇನೆ. ಹಾರ್ಡ್ ಡಿಸ್ಕು ಸಾಯುವ ಮೊದಲು ಬಹಳ ಸಲ ಟಕ್ ಟಕ್ ಎಂದು ಗೋಳಾಡುತ್ತದೆ. ಎಸ್‌ಎಸ್‌ಡಿ ಹೇಳದೆ ಕೇಳದೆ ಹೋಗಿಬಿಡಬಹುದು. ಹೋದ ಮೇಲೆ ಅದರಿಂದ ಫೈಲು ಹೊರಗೆ ತೆಗೆಯುವುದೂ ಕಷ್ಟ. ಯಾವುದನ್ನೇ ಹಾಕಿಸಿ, ಬೇಕಾದದ್ದರ ಇನ್ನೊಂದು ಪ್ರತಿ ಬೇರೆ ಕಡೆ ಇರಲಿ.

ಇನ್ನು ನನ್ನ ಸ್ವಭಾವದ ಮಾತು. ಯಾರ ಮನಸ್ಸನ್ನೂ ನೋಯಿಸಲಾರೆ, ಗಟ್ಟಿಯಾಗಿ ಒಂದು ಕಡೆ ನಿಲ್ಲಲಾರೆ. ಹೈಬ್ರಿಡ್ ಡಿಸ್ಕು ಬಂದಾಗ ನನಗೆಂದೇ ಮಾಡಿದ್ದಾರೆ ಅನ್ನಿಸಿತು. ಬೆಲೆಗೆ ಅಂಜುವವರಿಗೂ ಸರಿ, ವೇಗ ಬೇಕೆನ್ನುವವರಿಗೂ ಸರಿ. ಒಂದೆರಡು ವರ್ಷ ಬಂದವರಿಗೆಲ್ಲ ಅದನ್ನೇ ಹೇಳಿದೆ. ನನ್ನ ಹೆಂಡತಿಗೆ ಈ ಸುದ್ದಿ ತಿಳಿದು, "ಉಪ್ಪಿಟ್ಟೋ ಅವಲಕ್ಕಿನೋ ಅಂದ್ರ ಎರಡೂ ಸ್ವಲ್ಪ ಸ್ವಲ್ಪ ಹಾಕು ಅನ್ನೋ ಮನಷ್ಯಾ, ಮತ್ತೇನ ಹೇಳ್ಯಾನು" ಎಂದು ಅಕ್ಕಪಕ್ಕದವರ ಮುಂದೆ ನಕ್ಕಳು. ನಾನೂ ನಕ್ಕೆ. ಆ ಸ್ವಭಾವ ನಗುವಂಥದ್ದಷ್ಟೇ ಅಲ್ಲವೆಂದು ಆಗ ಗೊತ್ತಿರಲಿಲ್ಲ.

ಆ ದಿನಗಳಲ್ಲೇ ಶಾಹಿದಾ ನಮ್ಮ ಅಂಗಡಿಗೆ ಬಂದದ್ದು. ಹಳೇ ಹುಬ್ಬಳ್ಳಿಯಲ್ಲಿ ಅವಳದು ಒಂದು ಕಂಪ್ಯೂಟರ್ ಎಂಬ್ರಾಯ್ಡರಿ ಅಂಗಡಿ. ಒಂದೇ ಮಷೀನು, ಒಂದು ಲ್ಯಾಪ್‌ಟಾಪು, ಕೆಲಸಕ್ಕೆ ಅವಳು ಮತ್ತು ಅವಳ ತಂಗಿ ಜುಬೇದಾ. ತಂಗಿಯನ್ನು ಊರ ಹೊರಗಿನ ಗಬ್ಬೂರಿಗೆ ಮದುವೆ ಮಾಡಿ ಕೊಟ್ಟಿತ್ತು, ದಿನಾ ಬಸ್ಸು ಹತ್ತಿ ಬರುತ್ತಿದ್ದಳು. ಲ್ಯಾಪ್‌ಟಾಪಿನಲ್ಲಿ ಹೂವು, ಬಳ್ಳಿ, ನವಿಲು ಬಿಡಿಸಿ ಮಷೀನಿಗೆ ಕಳಿಸುವುದು ಜುಬೇದಾಳ ಕೆಲಸ. ನೂಲು ಬದಲಿಸುವುದು, ಗಿರಾಕಿಗಳೊಡನೆ ಮಾತಾಡುವುದು ಅಕ್ಕನ ಕೆಲಸ. ಕುಪ್ಪಸದ ತೋಳಿಗೆ ಇವರು ಹಾಕುವ ಕಸೂತಿಯ ಗೋಪುರದ ಚಿತ್ತಾರಕ್ಕೆ ಧಾರವಾಡದಿಂದಲೂ ಜನ ಬರುತ್ತಿದ್ದರು.

ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕು ಕೆಟ್ಟಿತ್ತು. ಹಳೆಯದು, ವಯಸ್ಸಾಗಿದೆ ಎಂದು ಬರೆದು ಹೊಸ ಹಾರ್ಡ್ ಡಿಸ್ಕು ಹಾಕಿದೆ. ನಾಲ್ಕು ತಿಂಗಳಿಗೆ ಅದೂ ಟಕ್ ಟಕ್ ಎನ್ನತೊಡಗಿತು. ವಾರಂಟಿಯಲ್ಲಿತ್ತು, ಕಂಪನಿಗೆ ಕಳಿಸಿದರೆ ಬದಲಿಸಿ ಕೊಡುತ್ತಾರೆ. ಆದರೆ ಕಾರ್ಡಿನಲ್ಲಿ ಕಾರಣ ಬರೆಯಬೇಕಲ್ಲ. ಹೊಸ ಡಿಸ್ಕು ನಾಲ್ಕು ತಿಂಗಳಿಗೆ ಯಾಕೆ ಹೋಗುತ್ತದೆ? ಲ್ಯಾಪ್‌ಟಾಪನ್ನು ತಿರುಗಿಸಿ ನೋಡಿದೆ. ಬಲಗಡೆಯ ಮೂಲೆಯಲ್ಲಿ ಒಂದು ನೆಗ್ಗು ಕಾಣಿಸಿತು. ಇನ್ನೇನು ಬೇಕು? 'ಕೆಳಗೆ ಬಿದ್ದಿದೆ' ಎಂದು ಚೆಂದ ಅಕ್ಷರದಲ್ಲಿ ಬರೆದೆ. ಅದನ್ನು ಓದಿ ಕಂಪನಿಯವರು, ಬಿದ್ದದ್ದಕ್ಕೆ ವಾರಂಟಿಯಿಲ್ಲವೆಂದು ಬದಲಿಸಿ ಕೊಡಲಿಲ್ಲ.

ಶಾಹಿದಾ ಕಾರ್ಡು ಓದಿಕೊಂಡು ಹೋದವಳು ಮರುದಿನ ಮತ್ತೆ ಬಂದಳು. "ಅಣ್ಣಾರ, ಖರೇನ ಬಿದ್ದದೇನ್ರಿ ಇದು? ಜುಬೇದಾ ನಾ ಕೆಡವಿಲ್ಲ ಅಂತ ಆಣಿ ಮಾಡ್ತಾಳ" ಎಂದಳು.

ಆ ಕ್ಷಣ ನನಗಿನ್ನೂ ನೆನಪಿದೆ. ಅವಳು ನನ್ನ ಮುಂದೆ ಒಂದು ಬಾಗಿಲು ತೆರೆದಿಟ್ಟಿದ್ದಳು. ನೆಗ್ಗು ಯಾವಾಗಿನದು ಎಂದು ಕೇಳಬಹುದಿತ್ತು. ನನಗೂ ಖಾತ್ರಿಯಿಲ್ಲ ಎಂದು ಹೇಳಬಹುದಿತ್ತು. ಅದರ ಬದಲು ತಿಳಿದವನ ಗತ್ತಿನಲ್ಲಿ, "ಡಿಸ್ಕ್ ಸುಳ್ಳ ಹೇಳೂದಿಲ್ಲರಿ" ಎಂದೆ. ಅವಳ ಮುಖ ಸಣ್ಣಗಾದದ್ದು ಕಂಡು, ಸಮಾಧಾನಕ್ಕೆಂದು ಹೈಬ್ರಿಡ್ ಹಾಕಿಸಿ, ಅದು ನಡುವಿನದು, ಒಳ್ಳೆಯದು ಎಂದೆ. ಅವಳು ಕಷ್ಟಪಟ್ಟು ರೊಕ್ಕ ಹೊಂದಿಸಿ ಅದನ್ನೇ ಹಾಕಿಸಿಕೊಂಡಳು. ಎರಡು ದಿನ ನನ್ನ ಟೇಬಲ್ಲಿನ ಮೇಲೆ ಓಡಿಸಿ ನೋಡಿದೆ. ಹೂವಿನ ಹಾಗೆ ನಡೆಯಿತು.

ಇನ್ನೂ ಐದು ತಿಂಗಳು ಕಳೆದಿರಬೇಕು. ಮತ್ತೆ ಶಾಹಿದಾ, ಮತ್ತೆ ಅದೇ ಲ್ಯಾಪ್‌ಟಾಪು, ಮತ್ತೆ ಅದೇ ಟಕ್ ಟಕ್. ಅವತ್ತು ಅಂಗಡಿಯಲ್ಲಿ ಗದ್ದಲವಿತ್ತು, ನನಗೆ ರೇಗಿತ್ತು. ತಲೆ ಎತ್ತದೆ, ಈ ಸಲ ಯಾರು ಕೆಡವಿದಿರಿ ಎಂದು ಕೇಳಿದೆ.

"ಯಾರ ಕೆಡವಬೇಕ್ರಿ?" ಎಂದಳು ಶಾಹಿದಾ. "ಜುಬೇದಾನ್ನ ಬರಬ್ಯಾಡ ಅಂತ ಹೇಳಿ ಐದ ತಿಂಗಳಾತು. ಅಂಗಡ್ಯಾಗ ನಾ ಒಬ್ಬಾಕೀನ ಇರತೇನಿ. ಇದನ್ನ ನಾ ಎತ್ತೂದೂ ಇಲ್ಲ, ಇಳಸೂದೂ ಇಲ್ಲ."

ಸ್ಕ್ರೂಡ್ರೈವರ್ ಕೆಳಗಿಟ್ಟೆ. ಏನಾಯಿತೆಂದು ಕೇಳಿದೆ. ಅವಳು ತಡೆದು ತಡೆದು ಹೇಳಿದಳು. ಕಾರ್ಡು ನೋಡಿದ ಮೇಲೆ ಅಕ್ಕತಂಗಿಯರ ನಡುವೆ ಮಾತು ಬೆಳೆಯಿತು. ಕೆಡವಿದೆ ಅಂತ ಒಪ್ಪಿಕೊಂಡುಬಿಡು, ನಾನೇನೂ ಅನ್ನುವುದಿಲ್ಲ ಎಂದು ಅಕ್ಕ. ಕೆಡವದೇ ಹೇಗೆ ಒಪ್ಪಿಕೊಳ್ಳಲಿ ಎಂದು ತಂಗಿ. ಕೆಡವಿದ್ದಕ್ಕಿಂತ ಸುಳ್ಳು ಹೇಳಿದ್ದು ಶಾಹಿದಾಳಿಗೆ ಹೆಚ್ಚು ನೋವಾಗಿತ್ತು. ಕೆಲಸಕ್ಕೆ ಬರಬೇಡ ಎಂದಳು. ಗಬ್ಬೂರಿನ ಮನೆಯಲ್ಲೂ ಸುದ್ದಿ ಮುಟ್ಟಿತು. ಸೊಸೆ ಹೊರಗೆ ದುಡಿಯುವುದು ಅಲ್ಲಿ ಅತ್ತೆಗೆ ಮೊದಲೇ ಮನಸ್ಸಿರಲಿಲ್ಲ. ನಷ್ಟ ಮಾಡಿ ಬಂದವಳು, ಸುಳ್ಳಾಡಿ ಬಂದವಳು ಎಂದು ದಿನಾ ಚುಚ್ಚುತ್ತಿದ್ದಳಂತೆ. ಈದಿಗೂ ಅಕ್ಕತಂಗಿ ಒಬ್ಬರ ಮನೆಗೆ ಒಬ್ಬರು ಹೋಗಿರಲಿಲ್ಲ.

ಇಷ್ಟೆಲ್ಲ ನನ್ನ ಎರಡು ಶಬ್ದದಿಂದ ಆಗಿತ್ತು. ಮಾಲಕರಿಗೆ ಹೇಳಿ, ಶಾಹಿದಾಳ ಅಂಗಡಿಗೆ ಹೊರಟೆ. ಗಿರಾಕಿಯ ಜಾಗಕ್ಕೆ ನಾನಾಗಿ ಹೋಗದೆ ಎಷ್ಟು ವರ್ಷವಾಗಿತ್ತೋ ಲೆಕ್ಕವಿಲ್ಲ.

ಸಣ್ಣ ಅಂಗಡಿ. ನಟ್ಟ ನಡುವೆ ಮಷೀನು. ಅದರ ಕಬ್ಬಿಣದ ಸ್ಟ್ಯಾಂಡಿಗೇ ನಟ್ಟು ಬೋಲ್ಟು ಹಾಕಿ ಒಂದು ಹಲಗೆ ಜೋಡಿಸಿದ್ದರು. ಲ್ಯಾಪ್‌ಟಾಪು ಕೂಡುತ್ತಿದ್ದದ್ದು ಅದರ ಮೇಲೆ. ಎರಡನ್ನೂ ಜೋಡಿಸುವ ಕೇಬಲ್ಲು ಗಿಡ್ಡದು, ಜೊತೆಗೆ ನೂಲು ಬದಲಿಸುವಾಗ ಚಿತ್ರ ಕಣ್ಣ ಮುಂದೆಯೇ ಇರಬೇಕಲ್ಲ, ಹಾಗಾಗಿ ಅನುಕೂಲಕ್ಕೆ ಮಾಡಿಸಿಕೊಂಡ ಹಲಗೆ. ಲ್ಯಾಪ್‌ಟಾಪು ನನ್ನ ಬಳಿ ಇದ್ದುದರಿಂದ ಹಲಗೆ ಖಾಲಿಯಿತ್ತು. ಪೆನ್‌ಡ್ರೈವಿನಿಂದ ಒಂದು ಹಳೆಯ ಚಿತ್ರ ಹಾಕಿ ಮಷೀನು ನಡೆಸಲು ಹೇಳಿದೆ. ಸೂಜಿ ಬಟ್ಟೆಯ ಮೇಲೆ ದಡದಡ ಓಡಿತು. ಹಲಗೆಯ ಮೇಲೆ ಅಂಗೈ ಇಟ್ಟೆ. ಮೊಣಕೈವರೆಗೆ ಜುಮ್ಮೆಂದಿತು.

ದಿನಕ್ಕೆ ಎಂಟು ತಾಸು ಆ ನಡುಕದಲ್ಲಿ, ತಿರುಗುವ ತಟ್ಟೆಯ ಮೇಲೆ ಆ ಪುಟ್ಟ ತೋಳು ಬರೆಯಬೇಕು, ಓದಬೇಕು. ಹಾರ್ಡ್ ಡಿಸ್ಕಾದರೇನು, ಹೈಬ್ರಿಡ್ಡಾದರೇನು, ಎರಡರಲ್ಲೂ ಇರುವುದು ಅದೇ ತಟ್ಟೆ, ಅದೇ ತೋಳು. ಅಲ್ಲಿ ನಡುವಿನ ದಾರಿಯೇ ಇರಲಿಲ್ಲ. ಏನೂ ತಿರುಗದ ಎಸ್‌ಎಸ್‌ಡಿ ಹಾಕಬೇಕಿತ್ತು, ಇಲ್ಲವೇ ಲ್ಯಾಪ್‌ಟಾಪನ್ನು ಆ ಹಲಗೆಯಿಂದ ಇಳಿಸಬೇಕಿತ್ತು. ಯಾರೂ ಏನನ್ನೂ ಕೆಡವಿರಲಿಲ್ಲ.

ಮೂಲೆಯ ನೆಗ್ಗಿನ ಬಗ್ಗೆ ಕೇಳಿದೆ. ತಡವಾಗಿಯಾದರೂ ಕೇಳಿದೆ.

"ಅದು ತಗೊಂಡಾಗಿಂದನ ಅದರಿ" ಎಂದಳು ಶಾಹಿದಾ. "ಸೆಕೆಂಡ್ ಹ್ಯಾಂಡ್ ತಗೊಂಡಿದ್ವಿ. ನೀವು ಕೇಳಲೇ ಇಲ್ಲ."

ಹಲಗೆಯ ಮೇಲೆ ಅವಳ ಅಂಗೈಯನ್ನೂ ಇಡಿಸಿ, ಡಿಸ್ಕಿನೊಳಗೆ ಏನಾಗುತ್ತಿತ್ತೆಂದು ವಿವರಿಸಿದೆ. ಅವಳಿಗೆ ಎಲ್ಲಿಯತನಕ ತಿಳಿಯಿತೋ ಗೊತ್ತಿಲ್ಲ. ಆದರೆ ಜುಬೇದಾ ಕೆಡವಿಲ್ಲ ಎಂಬಷ್ಟು ತಿಳಿದದ್ದೇ ತಡ, ಕೈ ಹಿಂದಕ್ಕೆ ಎಳೆದುಕೊಂಡು ಸ್ಟೂಲಿನ ಮೇಲೆ ಕೂತುಬಿಟ್ಟಳು. ಮಷೀನು ತನ್ನ ಪಾಡಿಗೆ ಹೊಲಿಯುತ್ತಿತ್ತು. ಬಣ್ಣ ಬದಲಿಸಲು ನಿಂತಿತು. ಅವಳು ಏಳಲಿಲ್ಲ.

ಅಂಗಡಿಗೆ ಮರಳಿ ಜೋಶಿಯವರಿಗೆ ಎಲ್ಲ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಹಳೆಯ ಕಾರ್ಡನ್ನು ತರಿಸಿ ಓದಿದರು, ಆಮೇಲೆ ಒಂದು ಎಸ್‌ಎಸ್‌ಡಿ ತೆಗೆದು ನನ್ನ ಮುಂದಿಟ್ಟು, ಅವಳಿಂದ ಏನೂ ತೆಗೆದುಕೊಳ್ಳಬೇಡ ಎಂದರು. ಆ ಕಾಲಮ್ಮಿನ ನಿಯಮ ಮಾತ್ರ ಅವರು ಸಡಿಲಿಸಲಿಲ್ಲ. ನಾನೇ ಸಡಿಲಿಸಿಕೊಂಡೆ. ಅಲ್ಲಿಂದ ಮುಂದೆ ಗೊತ್ತಿಲ್ಲದ್ದಕ್ಕೆ 'ಗೊತ್ತಿಲ್ಲ, ಜಾಗ ನೋಡಬೇಕು' ಎಂದೇ ಬರೆದೆ. ಅವರು ಕಾರ್ಡು ಹಿಂದಕ್ಕೆ ಸರಿಸಿದಾಗಲೆಲ್ಲ ಚೀಲ ತೆಗೆದುಕೊಂಡು ಹೋಗಿ ನೋಡಿ ಬಂದೆ. ಯಾವ ಡಿಸ್ಕು ಎಂದು ಕೇಳಿದವರಿಗೆ, ಮೊದಲು ಲ್ಯಾಪ್‌ಟಾಪು ಎಲ್ಲಿ ಕೂಡುತ್ತದೆ, ಯಾವುದರ ಮೇಲೆ ಪ್ರಯಾಣ ಮಾಡುತ್ತದೆ, ಯಾರ್ಯಾರ ಕೈಗೆ ಹೋಗುತ್ತದೆ ಎಂದು ಕೇಳತೊಡಗಿದೆ. ಕೆಲವರಿಗೆ ಅದು ತಲೆಹರಟೆ ಅನ್ನಿಸಿತು. ಅನ್ನಿಸಲಿ.

ಶಾಹಿದಾಳ ಲ್ಯಾಪ್‌ಟಾಪಿಗೆ ಎಸ್‌ಎಸ್‌ಡಿ ಹಾಕಿ, ಅವಳ ಅಂಗಡಿಯ ಗೋಡೆಗೆ ಬೇರೆ ಹಲಗೆ ಹೊಡೆಸಿ, ಉದ್ದನೆಯ ಕೇಬಲ್ಲು ಕೊಟ್ಟೆ. ಕೆಲಸ ಮುಗಿದ ಮೇಲೆ ಶಾಹಿದಾ ಬುರ್ಖಾ ಹಾಕಿಕೊಂಡು, "ಅಣ್ಣಾರ, ಗಬ್ಬೂರಿಗೆ ಹೋಗೂಣು. ನಾ ಒಬ್ಬಾಕೀನ ಹೋದ್ರ ಆಕಿ ಬಾಗಲಾ ತಗೀಲಿಕ್ಕಿಲ್ಲ" ಎಂದಳು. ನಾನೂ ಹೋಗಲೇಬೇಕೆಂದಿದ್ದೆ. ಆಟೋ ಹಿಡಿದೆವು.

ಜುಬೇದಾ ಕಟ್ಟೆಯ ಮೇಲೆ ಕೂತು ಕೈಯಿಂದಲೇ ಒಂದು ದುಪಟ್ಟಾಕ್ಕೆ ಅಂಚು ಹೊಲಿಯುತ್ತಿದ್ದಳು. ನಾನು ಆವರೆಗೆ ಅವಳನ್ನು ನೋಡಿರಲಿಲ್ಲ. ಸಣ್ಣ ಮೈಯ ಹೆಣ್ಣುಮಗಳು, ಮೂವತ್ತೂ ಆಗಿರಲಿಕ್ಕಿಲ್ಲ. ಅಕ್ಕನನ್ನು ಕಂಡು ಎದ್ದು ನಿಂತಳು, ಬಾ ಎನ್ನಲಿಲ್ಲ. ಶಾಹಿದಾ ಅಂಗಳದಲ್ಲೇ ನಿಂತಳು. ನಾನು ಮುಂದೆ ಹೋಗಿ, ಯಾರೆಂದು ಹೇಳಿ, ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತನ್ನು ಮೆಲ್ಲಗೆ ಹೇಳಿದೆ. ಮಷೀನಿನ ನಡುಕದಿಂದ ಡಿಸ್ಕು ಕೆಟ್ಟಿತ್ತು, ಬಿದ್ದದ್ದಲ್ಲ, ನಾನು ನೋಡದೆ ಬರೆದಿದ್ದೆ.

ಅವಳು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. "ಮೊದಲ ನಾ ಕೆಡವಿಲ್ಲ, ಕೆಡವಿಲ್ಲ ಅಂತಿದ್ದೆರಿ" ಎಂದಳು. "ಆಮ್ಯಾಲ ನನಗ ಖರೇನ ಅನಸಾಕತ್ತು, ನಾನ ಕೆಡವಿ ಮರತೇನೇನೋ ಅಂತ. ಯಾವತ್ತ ಬಿತ್ತು, ಯಾವತ್ತ ಬಿತ್ತು ಅಂತ ನೆನಸಕೋತ ಕುಂಡರತಿದ್ದೆ."

ಹಿಂದೆ ಶಾಹಿದಾ ಅಳುವುದು ಕೇಳಿಸಿತು. ಜುಬೇದಾ ಅಳಲಿಲ್ಲ. ಒಳಗಿನ ಬಾಗಿಲ ಕಡೆ ಒಮ್ಮೆ ನೋಡಿ, ಮತ್ತೆ ನನ್ನ ಕಡೆ ತಿರುಗಿದಳು.

"ಒಳಗ ನಮ್ಮ ಅತ್ತಿ ಅದಾರ. ಅವರಿಗೆ ಕೇಳಸೂ ಹಂಗ ಇನ್ನೊಮ್ಮೆ ಹೇಳ್ರಿ."

ದನಿ ಏರಿಸಿ ಮಾತಾಡಿದವನಲ್ಲ ನಾನು. ಆದರೂ ಆ ಬಾಗಿಲಿಗೆ ಎದುರಾಗಿ ನಿಂತು, ಓಣಿಗೂ ಕೇಳುವಂತೆ, ಲ್ಯಾಪ್‌ಟಾಪು ಬಿದ್ದಿಲ್ಲ, ಜುಬೇದಾ ಸುಳ್ಳು ಹೇಳಿಲ್ಲ ಎಂದೆ. ಒಳಗೆ ಪಾತ್ರೆಯ ಸದ್ದು ನಿಂತಿತು.

"ತಪ್ಪ ಯಾರದು, ಅದನ್ನೂ ಹೇಳ್ರಿ" ಎಂದಳು ಜುಬೇದಾ.

"ನಂದು" ಎಂದೆ.